ತಾರೀಖು ಒಂದೇ, ದಿನ ಬೇರೆ

‘ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿಗಳ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದವರ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದೇ ತೀರಿಕೊಂಡರು ಎಂದು ಓದಿದ್ದೇನೆ. ವಿಶ್ವ ಪುಸ್ತಕ ದಿನವೂ ಅಂದೇ. ಇದು ನಿಜವೇ?

ಉತ್ತರ: ತಾರೀಖು ಒಂದೇ, ದಿನ ಒಂದೇ ಅಲ್ಲ. ಆಗ ಸ್ಪೇನಿನ ಕ್ಯಾಲೆಂಡರ್ ಬೇರೆ, ಇಂಗ್ಲೆಂಡಿನದು ಬೇರೆ. ಸ್ಪೇನಿನವರು 1582ರ ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಕರೆದು ಈಗ ನಾವು ಬಳಸುವ ಗ್ರೆಗೋರಿಯನ್ ಪದ್ಧತಿಗೆ ಬಂದಿದ್ದರು. ಇಂಗ್ಲೆಂಡ್ 1752ರವರೆಗೆ ಹಳೆಯ ಜೂಲಿಯನ್ ಪದ್ಧತಿಯನ್ನೇ ಹಿಡಿದು ಕೂತಿತ್ತು. 1616ರಲ್ಲಿ ಎರಡರ ನಡುವೆ 10 ದಿನಗಳ ಅಂತರ. ಸ್ಪೇನಿನ ಲೆಕ್ಕದಲ್ಲಿ ಶೇಕ್ಸ್‌ಪಿಯರ್ ತೀರಿಕೊಂಡದ್ದು ಮೇ 3ರಂದು. ಸಾಲದ್ದಕ್ಕೆ ಸರ್ವಾಂಟಿಸ್ ಪ್ರಾಣ ಬಿಟ್ಟದ್ದು 22ರಂದು, 23 ಎಂಬುದು ಅಂತ್ಯಸಂಸ್ಕಾರದ ದಾಖಲೆಯ ತಾರೀಖು ಎಂಬುದೇ ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಯುನೆಸ್ಕೋ 1995ರಲ್ಲಿ ಪುಸ್ತಕ ದಿನಕ್ಕೆ ಈ ತಾರೀಖನ್ನು ಆರಿಸಿಕೊಂಡಿತು. ಸಾಂಕೇತಿಕ ಆಚರಣೆಗೆ ಅಷ್ಟು ಸಾಕು, ತಕರಾರಿಲ್ಲ.

ನಂಬಿಕೆ ಬಾರದಿದ್ದರೆ ವಾರ ತೆಗೆದು ನೋಡಿ. ಪೆನ್ನು ಕಾಗದ ಸಾಕು. ಇಸವಿಯ ಕೊನೆಯ ಎರಡು ಅಂಕಿ, ಅದನ್ನು 4ರಿಂದ ಭಾಗಿಸಿದಾಗ ಬರುವ ಭಾಗಲಬ್ಧ (ಶೇಷ ಬಿಟ್ಟುಬಿಡಿ), ತಾರೀಖು, ತಿಂಗಳ ಅಂಕಿ, ಶತಮಾನದ ಅಂಕಿ, ಈ ಐದನ್ನೂ ಕೂಡಿಸಿ 7ರಿಂದ ಭಾಗಿಸಿ. ಶೇಷ 0 ಬಂದರೆ ಭಾನುವಾರ, 1 ಬಂದರೆ ಸೋಮವಾರ, ಹೀಗೆ 6ಕ್ಕೆ ಶನಿವಾರ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಅಂಕಿಗಳು ಕ್ರಮವಾಗಿ 0, 3, 3, 6, 1, 4, 6, 2, 5, 0, 3, 5. ಶತಮಾನದ ಅಂಕಿ ಗ್ರೆಗೋರಿಯನ್ ತಾರೀಖಿಗಾದರೆ 15ರಿಂದ ಶುರುವಾಗುವ ಇಸವಿಗಳಿಗೆ 0, 16ಕ್ಕೆ 6, 17ಕ್ಕೆ 4, 18ಕ್ಕೆ 2, 19ಕ್ಕೆ 0, 20ಕ್ಕೆ 6. ಜೂಲಿಯನ್ ತಾರೀಖಿಗಾದರೆ 18ರಿಂದ ಇಸವಿಯ ಮೊದಲ ಎರಡು ಅಂಕಿಯನ್ನು ಕಳೆದರೆ ಆಯಿತು. ಅಧಿಕ ವರ್ಷದ ಜನವರಿ ಮತ್ತು ಫೆಬ್ರವರಿಗೆ ಮಾತ್ರ ಮೊತ್ತದಿಂದ 1 ಕಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಈಗ ನಮ್ಮ ತಾರೀಖು: 16 + 4 + 23 + 6 = 49. ಸ್ಪೇನಿಗೆ 6 ಸೇರಿಸಿ: 55, ಶೇಷ 6, ಶನಿವಾರ. ಇಂಗ್ಲೆಂಡಿಗೆ 18 − 16 = 2 ಸೇರಿಸಿ: 51, ಶೇಷ 2, ಮಂಗಳವಾರ. ಕ್ಯಾಲೆಂಡರ್ ಬದಲಾದರೂ ವಾರದ ಸರಪಳಿ ಮಾತ್ರ ಎಲ್ಲೂ ತುಂಡಾಗಲಿಲ್ಲ. 1582ರ ಅಕ್ಟೋಬರ್ 4 ಗುರುವಾರ, ಅದರ ಮರುದಿನವಾದ ಅಕ್ಟೋಬರ್ 15 ಶುಕ್ರವಾರ. ಹಾಗಾಗಿ ಒಬ್ಬರು ಹೋದದ್ದು ಮಂಗಳವಾರ, ಇನ್ನೊಬ್ಬರದು ಶನಿವಾರವೆಂದು ಬಂದರೆ ಅದು ಒಂದೇ ದಿನವಾಗಲು ಸಾಧ್ಯವಿಲ್ಲ.

ಪ್ರಶ್ನೆ: ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು 1453ರ ಮೇ 29. ಎವರೆಸ್ಟ್ ಹತ್ತಿದ್ದು 1953ರ ಮೇ 29. ಸರಿಯಾಗಿ 500 ವರ್ಷ! ಇಲ್ಲೂ ಏನಾದರೂ ತಕರಾರಿದೆಯೇ?

ಉತ್ತರ: ಇದೆ, 9 ದಿನಗಳಷ್ಟು. ಮೊದಲನೆಯದು ಜೂಲಿಯನ್ ತಾರೀಖು. ಈಗಿನ ಲೆಕ್ಕಕ್ಕೆ ತಂದರೆ ಅದು ಜೂನ್ 7. ಎರಡು ಪದ್ಧತಿಗಳ ಅಂತರ ತಿಳಿಯಲು ಸುಲಭದ ಲೆಕ್ಕವಿದೆ: ಇಸವಿಯ ಮೊದಲ ಎರಡು ಅಂಕಿಯಿಂದ ಅದರ ಕಾಲುಭಾಗವನ್ನು (ಶೇಷ ಬಿಟ್ಟು) ಕಳೆಯಿರಿ, ಆಮೇಲೆ ಇನ್ನೂ 2 ಕಳೆಯಿರಿ. 1453ಕ್ಕೆ 14 − 3 − 2 = 9. 1752ಕ್ಕೆ 17 − 4 − 2 = 11; ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಆದದ್ದು ಇದಕ್ಕೇ. 1917ಕ್ಕೆ 19 − 4 − 2 = 13; ರಷ್ಯಾದ ‘ಅಕ್ಟೋಬರ್ ಕ್ರಾಂತಿ’ಯನ್ನು ನವೆಂಬರ್ 7ರಂದು ಆಚರಿಸುತ್ತಿದ್ದುದಕ್ಕೂ ಇದೇ ಕಾರಣ. ಅಂದು ರಷ್ಯಾದ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 25. 1700, 1800, 1900ರಂಥ ಇಸವಿಗಳಲ್ಲಿ ಜನವರಿ, ಫೆಬ್ರವರಿ ತಿಂಗಳಿಗೆ ಹಿಂದಿನ ಶತಮಾನದ ಅಂತರವನ್ನೇ ಹಿಡಿಯಬೇಕು. ಅಲ್ಲಿ ಒಂದು ದಿನ ಜಾರುವುದು ತೀರಾ ಸಾಮಾನ್ಯ.

ಹಾಗೆಂದು 1582ಕ್ಕಿಂತ ಹಿಂದಿನ ತಾರೀಖುಗಳನ್ನೆಲ್ಲ ಬದಲಿಸಲು ಹೋಗಬೇಡಿ. ಇತಿಹಾಸಕಾರರು ಅವನ್ನು ಜೂಲಿಯನ್‌ನಲ್ಲೇ ಬಿಡುತ್ತಾರೆ. ನೀವೊಬ್ಬರೇ ಜೂನ್ 7 ಎಂದು ಬರೆದರೆ ತಪ್ಪು ಬರೆದಿದ್ದೀರೆಂದೇ ಓದುಗರು ತಿಳಿಯುತ್ತಾರೆ. ಗೊಂದಲ ಹೆಚ್ಚಿರುವುದು 1582ರ ನಂತರದ್ದರಲ್ಲಿ. ಅಲ್ಲಿ ಯಾವ ದೇಶ, ಯಾವ ಪದ್ಧತಿ ಎಂದು ನೋಡಲೇಬೇಕು. ಸ್ಪೇನಿನ ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು 1582ರ ಆ ಅಕ್ಟೋಬರ್ 4 ಮತ್ತು 15ರ ನಡುವಿನ ರಾತ್ರಿಯೇ. ಅವರ ಸ್ಮರಣೆ ಅಕ್ಟೋಬರ್ 15ಕ್ಕೆ. ಹನ್ನೊಂದು ದಿನ ಉದ್ದದ ರಾತ್ರಿ ಎಂದು ಯಾರಾದರೂ ತಮಾಷೆ ಮಾಡಿದರೆ ಕಾರಣ ಇದು.

ಪ್ರಶ್ನೆ: ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎನ್ನುತ್ತಾರಲ್ಲ?

ಉತ್ತರ: ಎರಡು ಕ್ಯಾಲೆಂಡರ್ ಬೆರೆಸಿದರೆ ಮಾತ್ರ. ಗೆಲಿಲಿಯೋ ತೀರಿಕೊಂಡದ್ದು 1642ರ ಜನವರಿ 8, ಗ್ರೆಗೋರಿಯನ್. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಜೂಲಿಯನ್. ಎರಡನ್ನೂ ಗ್ರೆಗೋರಿಯನ್‌ಗೆ ತಂದರೆ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾರೆ. ಎರಡನ್ನೂ ಜೂಲಿಯನ್‌ಗೆ ತಂದರೆ ಗೆಲಿಲಿಯೋ 1641ರ ಡಿಸೆಂಬರ್ 29ಕ್ಕೆ ಸರಿಯುತ್ತಾರೆ. ಯಾವ ದಾರಿ ಹಿಡಿದರೂ ಇಸವಿ ಬೇರೆಯೇ. ಸ್ಟೀಫನ್ ಹಾಕಿಂಗ್ ಅವರದು ಮಾತ್ರ ಅಪ್ಪಟ ಹೊಂದಾಣಿಕೆ: ಹುಟ್ಟಿದ್ದು 1942ರ ಜನವರಿ 8, ಗೆಲಿಲಿಯೋ ತೀರಿಕೊಂಡು ಸರಿಯಾಗಿ 300 ವರ್ಷಕ್ಕೆ, ತೀರಿಕೊಂಡದ್ದು 2018ರ ಮಾರ್ಚ್ 14, ಐನ್‌ಸ್ಟೈನ್ ಹುಟ್ಟಿದ ತಾರೀಖಿನಂದು. ಡಾರ್ವಿನ್ ಮತ್ತು ಲಿಂಕನ್ ಕೂಡ ಹಾಗೆಯೇ. ಇಬ್ಬರೂ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಎರಡೂ ದೇಶಗಳಲ್ಲಿ ಆಗ ಒಂದೇ ಕ್ಯಾಲೆಂಡರ್.

ಪ್ರಶ್ನೆ: ಕ್ಯಾಲೆಂಡರ್ ಒಂದೇ ಆದ ಮೇಲೆ, ಅಂದರೆ ಇಪ್ಪತ್ತನೇ ಶತಮಾನದಲ್ಲಿ, ಈ ತಲೆನೋವು ಇಲ್ಲ ತಾನೆ?

ಉತ್ತರ: ಕ್ಯಾಲೆಂಡರಿನದು ಹೋಗಿ ಗಡಿಯಾರದ ತಲೆನೋವು ಬಂತು. 1963ರ ನವೆಂಬರ್ 22ರಂದು ಮೂವರು ಹೆಸರಾಂತರು ತೀರಿಕೊಂಡರು. ಲೇಖಕ ಸಿ. ಎಸ್. ಲೂಯಿಸ್ ಆಕ್ಸ್‌ಫರ್ಡಿನ ಮನೆಯಲ್ಲಿ ಸಂಜೆ ಐದೂವರೆಗೆ. ಅಮೆರಿಕದ ಅಧ್ಯಕ್ಷ ಕೆನಡಿ ಡಲ್ಲಾಸಿನಲ್ಲಿ ಮಧ್ಯಾಹ್ನ. ಗುಂಡು ತಗುಲಿದ್ದು 12:30ಕ್ಕೆ, ಅಂದರೆ ಗ್ರೀನಿಚ್ ಲೆಕ್ಕದಲ್ಲಿ ಸಂಜೆ 6:30. ಲೇಖಕ ಆಲ್ಡಸ್ ಹಕ್ಸ್‌ಲಿ ಲಾಸ್ ಏಂಜಲೀಸಿನಲ್ಲಿ ಸಂಜೆ 5:20ಕ್ಕೆ. ಆ ಹೊತ್ತಿಗೆ ಲೂಯಿಸರ ಊರಿನಲ್ಲಿ ನಡುರಾತ್ರಿ ಕಳೆದು 1:20, ತಾರೀಖು 23. ಆದರೂ ಮೂವರನ್ನೂ 22ಕ್ಕೇ ಹಾಕುತ್ತೇವೆ, ಏಕೆಂದರೆ ಘಟನೆ ನಡೆದ ಜಾಗದ ತಾರೀಖನ್ನೇ ಹಿಡಿಯುವುದು ರೂಢಿ. ಒಳ್ಳೆಯ ರೂಢಿಯೇ, ಆದರೆ ಅದರಿಂದ ಕೆಲವೆಡೆ ಹಿಂದು ಮುಂದಾಗುತ್ತದೆ. ಅಮೆರಿಕದ ಹವಾಯಿಯಲ್ಲಿರುವ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ 1941ರ ಡಿಸೆಂಬರ್ 7ರ ಬೆಳಿಗ್ಗೆ. ಜಪಾನಿನ ಪುಸ್ತಕದಲ್ಲಿ ಅದೇ ದಾಳಿ 8ನೇ ತಾರೀಖು. ಮಲಯಾದ (ಈಗಿನ ಮಲೇಷ್ಯಾ) ಕೋಟಾ ಭಾರುವಿನಲ್ಲಿ ಜಪಾನೀ ಸೇನೆ ಇಳಿದದ್ದೂ ಅಲ್ಲಿನ ತಾರೀಖಿನಲ್ಲಿ 8. ನಿಜವಾಗಿ ಅದು ಪರ್ಲ್ ಹಾರ್ಬರ್‌ಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಶುರುವಾಗಿತ್ತು. ತಾರೀಖು ನೋಡಿ ಕ್ರಮ ಕಟ್ಟಿದರೆ 7 ಮೊದಲು, 8 ಆಮೇಲೆ ಎಂದು ತಲೆಕೆಳಗಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಗೆಲುವಿನ ದಿನ ಪಶ್ಚಿಮಕ್ಕೆ ಮೇ 8, ರಷ್ಯಾಕ್ಕೆ ಮೇ 9. ಶರಣಾಗತಿ ಜಾರಿಗೆ ಬಂದದ್ದು ಮಧ್ಯ ಯುರೋಪಿನ ಗಡಿಯಾರದಲ್ಲಿ 8ರ ರಾತ್ರಿ 11:01ಕ್ಕೆ. ಮಾಸ್ಕೋದಲ್ಲಿ ಆಗಲೇ ಮರುದಿನ. ಚಂದ್ರನ ಮೇಲೆ ಈಗಲ್ ನೌಕೆ ಇಳಿದದ್ದು 1969ರ ಜುಲೈ 20, ಸಾರ್ವತ್ರಿಕ ಕಾಲಮಾನ 20:17. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು 21ರ 02:56. ಅಮೆರಿಕದಲ್ಲಿ ಎರಡೂ 20ರಂದೇ. ನಡುರಾತ್ರಿಯ ಆಸುಪಾಸಿನ ಘಟನೆಗೆ ಗಂಟೆಯನ್ನೂ ಜಾಗವನ್ನೂ ಬರೆದಿಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಕ್ಯಾಲೆಂಡರೂ ದಿನಾಂಕ ರೇಖೆಯೂ (ದಾಟಿದರೆ ತಾರೀಖು ಒಂದು ದಿನ ಬದಲಾಗುವ ಗೆರೆ) ಒಟ್ಟಿಗೆ ಬದಲಾದ ಜಾಗವೂ ಒಂದಿದೆ: ರಷ್ಯಾದಿಂದ ಅಮೆರಿಕದ ಕೈಗೆ ಬಂದ ಅಲಾಸ್ಕಾ. 1867ರ ಅಕ್ಟೋಬರ್ 6ರ ಶುಕ್ರವಾರದ ಮರುದಿನ ಅಕ್ಟೋಬರ್ 18ರ ಶುಕ್ರವಾರ. ಮೇಲಿನ ಸೂತ್ರ ಹಾಕಿ ನೋಡಿ, ಎರಡಕ್ಕೂ ಶೇಷ 5 ಬರುತ್ತದೆ. ವಾರದ ಸರಪಳಿ ತುಂಡಾಗುವುದಿಲ್ಲ ಎಂದೆವಲ್ಲ, ಇಲ್ಲಿ ಮಾತ್ರ ಒಂದು ಕೊಂಡಿ ಎರಡು ಸಲ ಬಂತು.

ಪ್ರಶ್ನೆ: ಅಮೆರಿಕದ ಮೊದಲ ಐದು ಅಧ್ಯಕ್ಷರಲ್ಲಿ ಮೂವರು ಜುಲೈ 4ರಂದೇ ತೀರಿಕೊಂಡರು. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕಬಹುದೇ?

ಉತ್ತರ: ಜಾನ್ ಆ್ಯಡಮ್ಸ್ ಮತ್ತು ಥಾಮಸ್ ಜೆಫರ್ಸನ್ 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ 50ನೇ ವರ್ಷದ ದಿನವೇ, ಜೇಮ್ಸ್ ಮನ್ರೋ 1831ರ ಜುಲೈ 4ರಂದು. ನಾಲ್ಕನೆಯವರಾದ ಮ್ಯಾಡಿಸನ್ 1836ರ ಜೂನ್ 28ರಂದು ಹೋದರು, ಆರು ದಿನ ಕಡಿಮೆಯಾಯಿತು.

365 × 365 × 365 ಎಂದು ಗುಣಿಸಿ ‘ಸುಮಾರು 4.86 ಕೋಟಿಗೆ ಒಂದು’ ಎನ್ನುವವರಿದ್ದಾರೆ. ಅದು ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ. ಮೂವರ ಹೆಸರನ್ನೂ ತಾರೀಖನ್ನೂ ಮುಂಚೆಯೇ ಬರೆದಿಟ್ಟಿದ್ದರೆ ಆ ಲೆಕ್ಕ ಸರಿ. ಐವರಲ್ಲಿ ಯಾರಾದರೂ ಮೂವರು, ಯಾವುದಾದರೂ ಒಂದು ತಾರೀಖು ಎಂದು ಕೇಳಿದರೆ ಸಾಧ್ಯತೆ 13 ಸಾವಿರಕ್ಕೆ ಒಂದರ ಹತ್ತಿರ. ಅದೂ ಅಪರೂಪವೇ. ಆದರೆ ಜಗತ್ತಿನಲ್ಲಿ ರಾಜರು, ಪ್ರಧಾನಿಗಳು, ಕವಿಗಳು ಎಂದು ಇಂಥ ಗುಂಪುಗಳು ಸಾವಿರಾರು. ಒಂದಲ್ಲ ಒಂದು ಗುಂಪಿನಲ್ಲಿ ಹೀಗೆ ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದನ್ನೇ ನಾವು ಹೇಳಿಕೊಂಡು ತಿರುಗುತ್ತೇವೆ. 23 ಜನ ಸೇರಿದರೆ ಇಬ್ಬರ ಹುಟ್ಟುಹಬ್ಬ ಒಂದೇ ತಾರೀಖಿಗೆ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು, 57 ಜನರಿದ್ದರೆ ಶೇ. 99. ಇನ್ನು, ಆಗ ಆ್ಯಡಮ್ಸ್‌ಗೆ 90 ವರ್ಷ, ಜೆಫರ್ಸನ್‌ಗೆ 83. ಹಾಸಿಗೆ ಹಿಡಿದ ಹಿರಿಯರು ಒಂದು ದೊಡ್ಡ ದಿನಕ್ಕಾಗಿ ಜೀವ ಹಿಡಿದುಕೊಂಡಿರಬಹುದು ಎಂಬ ವಾದವೂ ಇದೆ. ಹಾಗಿದ್ದರೆ ಗುಣಾಕಾರವೇ ಬಿದ್ದುಹೋಯಿತು.

ಇನ್ನೊಂದು ಮಾತು. ಸ್ವಾತಂತ್ರ್ಯದ ನಿರ್ಣಯ ಪಾಸಾದದ್ದು 1776ರ ಜುಲೈ 2ರಂದು. ಮುಂದೆ ದೇಶ ಸಂಭ್ರಮಿಸುವುದು ಆ ದಿನವನ್ನೇ ಎಂದು ಹೆಂಡತಿಗೆ ಪತ್ರ ಬರೆದವರು ಇದೇ ಆ್ಯಡಮ್ಸ್. 4ರಂದು ಅಂಗೀಕಾರವಾದದ್ದು ಘೋಷಣೆಯ ಬರಹ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು.

ಪ್ರಶ್ನೆ: ಜರ್ಮನಿಗೆ ನವೆಂಬರ್ 9 ‘ಹಣೆಬರಹದ ದಿನ’ ಎನ್ನುತ್ತಾರೆ. ಅದೂ ಆಕಸ್ಮಿಕವೇ?

ಉತ್ತರ: ಅರ್ಧ ಆಕಸ್ಮಿಕ, ಅರ್ಧ ಅಲ್ಲ. ಅದಕ್ಕೇ ಈ ತಾರೀಖು ಉಳಿದೆಲ್ಲಕ್ಕಿಂತ ಕುತೂಹಲದ್ದು. 1918ರ ನವೆಂಬರ್ 9ರಂದು ಚಕ್ರವರ್ತಿ ಕೈಸರ್‌ನ ಪದತ್ಯಾಗ ಘೋಷಣೆಯಾಗಿ, ಸಮಾಜವಾದಿ ನಾಯಕ ಷೈಡೆಮಾನ್ ಬರ್ಲಿನ್ನಿನ ಸಂಸತ್ ಭವನದಿಂದ ಗಣರಾಜ್ಯ ಸಾರಿದರು. ಆ ಗಣರಾಜ್ಯವನ್ನೇ ಕಿತ್ತೊಗೆಯಬೇಕೆಂದಿದ್ದ ಹಿಟ್ಲರ್ 1923ರ ನವೆಂಬರ್ 8ರ ರಾತ್ರಿ ಮ್ಯೂನಿಕ್ಕಿನ ಬಿಯರ್ ಹಾಲ್‌ನಲ್ಲಿ ದಂಗೆ ಶುರುಮಾಡಿದ. 9ರಂದು ಪೊಲೀಸರು ಅದನ್ನು ಅಡಗಿಸಿದರು. ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಪ್ರತಿ ವರ್ಷ ಅದೇ ದಿನ ಮ್ಯೂನಿಕ್ಕಿನಲ್ಲಿ ಸೇರತೊಡಗಿದರು. 1938ರಲ್ಲೂ ಹಾಗೆ ಸೇರಿದ್ದರು. ಪ್ಯಾರಿಸ್ಸಿನಲ್ಲಿ 7ರಂದು ಯಹೂದ್ಯ ಯುವಕನೊಬ್ಬನಿಂದ ಗುಂಡೇಟು ತಿಂದಿದ್ದ ಜರ್ಮನ್ ರಾಜತಂತ್ರಜ್ಞ ಫೋಮ್ ರಾಥ್ ತೀರಿಕೊಂಡ ಸುದ್ದಿ 9ರ ಸಂಜೆ ಅಲ್ಲಿಗೇ ಬಂತು. ಪ್ರಚಾರ ಮಂತ್ರಿ ಗೊಬೆಲ್ಸ್ ಎದ್ದು ಮಾತನಾಡಿದ. ಆ ರಾತ್ರಿ ದೇಶದುದ್ದಕ್ಕೂ ಯಹೂದ್ಯರ ಪ್ರಾರ್ಥನಾ ಮಂದಿರಗಳು ಉರಿದವು, ಅಂಗಡಿಗಳ ಗಾಜು ಪುಡಿಯಾಯಿತು. ರಾಥ್ ಸತ್ತ ದಿನ ಆಕಸ್ಮಿಕ. ಪಕ್ಷದ ಮುಖಂಡರೆಲ್ಲ ಒಂದೇ ಸೂರಿನಡಿ ಇದ್ದದ್ದು ಆಕಸ್ಮಿಕವಲ್ಲ.

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿದ್ದದ್ದು ಮಾತ್ರ ಶುದ್ಧ ಎಡವಟ್ಟು. ಪೂರ್ವ ಜರ್ಮನಿಯ ವಕ್ತಾರ ಷಬೋವ್ಸ್ಕಿ ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ಓದಿದರು. ಯಾವಾಗಿನಿಂದ ಎಂದು ಕೇಳಿದಾಗ ಕಾಗದ ತಿರುವಿ, ತನಗೆ ತಿಳಿದಂತೆ ಈಗಿಂದೀಗಲೇ ಎಂದುಬಿಟ್ಟರು. ಜಾರಿಯಾಗಬೇಕಿದ್ದದ್ದು ಮರುದಿನ, 10ಕ್ಕೆ. ಜನ ಗಡಿಗೆ ನುಗ್ಗಿದರು. ರಾತ್ರಿ ಸುಮಾರು 11:30ಕ್ಕೆ ಬೋರ್ನ್‌ಹೋಮರ್ ರಸ್ತೆಯ ಗೇಟು ತೆರೆಯಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಗೋಡೆ ಬಿದ್ದದ್ದು ನವೆಂಬರ್ 10 ಎಂದು ಓದುತ್ತಿದ್ದೆವು. 1938ರ ನೆನಪು ಮೆತ್ತಿಕೊಂಡ ತಾರೀಖು ರಾಷ್ಟ್ರೀಯ ಹಬ್ಬಕ್ಕೆ ಒಗ್ಗಲಿಲ್ಲ. ಜರ್ಮನಿಯ ಏಕತಾ ದಿನ ಅಕ್ಟೋಬರ್ 3.

ಬೇಕೆಂದೇ ಆರಿಸಿದ ದಿನಗಳೂ ಇವೆ, ಅವನ್ನು ಕಂಡು ಅಚ್ಚರಿಪಡುವುದು ದಂಡ. ಭಾರತದ ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26; ಜಾರಿಗೆ 1950ರ ಜನವರಿ 26ನ್ನು ಹಿಡಿದದ್ದು 1930ರ ಅದೇ ದಿನ ಪೂರ್ಣ ಸ್ವರಾಜ್ಯದ ದಿನ ಆಚರಿಸಿದ್ದರಿಂದ. ದಕ್ಷಿಣ ಕೊರಿಯಾದ ಸರ್ಕಾರ 1948ರ ಆಗಸ್ಟ್ 15ರಂದು ಬಂದದ್ದು 1945ರ ಅದೇ ದಿನ ಜಪಾನಿನಿಂದ ಸಿಕ್ಕ ಬಿಡುಗಡೆಯ ನೆನಪಿಗೆ. ಆದರೆ ನೆಪೋಲಿಯನ್ 1769ರ ಆಗಸ್ಟ್ 15ರಂದು ಹುಟ್ಟಿದ್ದಕ್ಕೂ 1914ರ ಆಗಸ್ಟ್ 15ರಂದು ಪನಾಮಾ ಕಾಲುವೆ ತೆರೆದದ್ದಕ್ಕೂ ಏನೇನೂ ಸಂಬಂಧವಿಲ್ಲ.

ಪ್ರಶ್ನೆ: 75ನೇ ಸ್ವಾತಂತ್ರ್ಯೋತ್ಸವ 2021ರಲ್ಲೋ 2022ರಲ್ಲೋ? ಪ್ರತಿ ಸಲ ಜಗಳವಾಗುತ್ತದೆ.

ಉತ್ತರ: ಇಬ್ಬರೂ ಸರಿ. 1947ರ ಆಗಸ್ಟ್ 15ನ್ನೇ ಮೊದಲನೆಯದೆಂದು ಎಣಿಸಿದರೆ 75ನೇ ಉತ್ಸವ 2021ರಲ್ಲಿ. 75 ವರ್ಷ ತುಂಬಿದ್ದು 2022ರಲ್ಲಿ. ‘75ನೇ’ ಮತ್ತು ‘75 ತುಂಬಿದ’ ಇವೆರಡನ್ನು ಬೆರೆಸದಿದ್ದರೆ ಆಯಿತು. ಕ್ರಿಸ್ತಪೂರ್ವದ ಘಟನೆಯಾದರೆ ಇನ್ನೊಂದು ಗುಂಡಿ ಇದೆ. ಕ್ರಿ.ಪೂ. 1ರ ಮರುವರ್ಷ ಕ್ರಿ.ಶ. 1, ನಡುವೆ ಸೊನ್ನೆ ಇಸವಿ ಇಲ್ಲ. ಹಾಗಾಗಿ ತುಂಬಬೇಕಾದ ವರ್ಷಗಳಿಂದ ಕ್ರಿ.ಪೂ. ಅಂಕಿ ಕಳೆದು 1 ಕೂಡಿಸಬೇಕು. ಕ್ರಿ.ಪೂ. 490ರ ಮ್ಯಾರಥಾನ್ ಕದನಕ್ಕೆ 2500 ತುಂಬಿದ್ದು 2011ರಲ್ಲಿ. ಗ್ರೀಸಿನಲ್ಲಿ ಓಟ ಏರ್ಪಡಿಸಿ ಆಚರಿಸಿದ್ದು 2010ರಲ್ಲಿ!

ಪ್ರಶ್ನೆ: ಫೆಬ್ರವರಿ 29ರ ಘಟನೆಯನ್ನು ಉಳಿದ ವರ್ಷಗಳಲ್ಲಿ ಯಾವ ದಿನಕ್ಕೆ ಹಾಕಬೇಕು?

ಉತ್ತರ: 28 ಅಥವಾ ಮಾರ್ಚ್ 1, ಯಾವುದಾದರೂ ಒಂದನ್ನು ಹಿಡಿದು ಎಲ್ಲಕ್ಕೂ ಅದನ್ನೇ ಪಾಲಿಸಿ. 1900 ಅಧಿಕ ವರ್ಷವಲ್ಲ, 2100ವೂ ಅಲ್ಲ. 1896ರ ಫೆಬ್ರವರಿ 29ರಂದು ಹುಟ್ಟಿದ ಮೊರಾರ್ಜಿ ದೇಸಾಯಿ ಅವರಿಗೆ ಅದೇ ತಾರೀಖು ಮತ್ತೆ ಬಂದದ್ದು ಎಂಟು ವರ್ಷದ ಮೇಲೆ, 1904ರಲ್ಲಿ.

ಪ್ರಶ್ನೆ: ಶಾಲೆಯ ಫಲಕಕ್ಕೆ ದಿನಕ್ಕೊಂದು ‘ಇತಿಹಾಸದಲ್ಲಿ ಈ ದಿನ’ ಬರೆಯಬೇಕೆಂದಿದ್ದೇವೆ. ಎಲ್ಲಿಂದ ಶುರುಮಾಡುವುದು?

ಉತ್ತರ: ಒಂದು ಘಟನೆಗೆ ಒಂದು ಕಾರ್ಡು ಮಾಡಿ. ಅದರಲ್ಲಿ ಘಟನೆ, ಜಾಗ, ಮೂಲದಲ್ಲಿ ಇದ್ದ ಹಾಗೇ ತಾರೀಖು, ಯಾವ ಕ್ಯಾಲೆಂಡರ್, ನಡುರಾತ್ರಿಯ ಹತ್ತಿರದ್ದಾದರೆ ಗಂಟೆ ಇರಲಿ. ಅಂದು ನಿಖರವಾಗಿ ಆದದ್ದೇನು ಎಂಬುದೂ ಬೇಕು: ಅಂಗೀಕಾರವೋ, ಸಹಿಯೋ, ಜಾರಿಯೋ, ಸಾವೋ, ಸಮಾಧಿಯೋ. ಈ ಕೊನೆಯದನ್ನು ಬಿಟ್ಟರೆ ಒಂದೇ ಘಟನೆ ಎರಡು ತಾರೀಖಿಗೆ ಎರಡು ಸಲ ಫಲಕ ಹತ್ತುತ್ತದೆ. ಎರಡು ಮೂಲ ನೋಡಿ. ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಥರ ತಪ್ಪಿದ್ದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆಂದೇ ಅರ್ಥ, ಮೂರನೆಯದನ್ನು ಹುಡುಕಿ. ಮೂಲದಲ್ಲಿ ವಾರ ಕೊಟ್ಟಿದ್ದರೆ ಸೂತ್ರ ಹಾಕಿ. ತಾಳೆಯಾಗದಿದ್ದರೆ ಇನ್ನೊಂದು ಕ್ಯಾಲೆಂಡರಿನ ಅಂಕಿ ಹಾಕಿ ಮತ್ತೊಮ್ಮೆ ನೋಡಿ. 1752ಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಆದ್ದರಿಂದ ಜನವರಿಯಿಂದ ಮಾರ್ಚ್ 24ರವರೆಗಿನ ಇಸವಿಯನ್ನೂ ಪರೀಕ್ಷಿಸಬೇಕು. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಅಲ್ಲಿ 1731ರ ಫೆಬ್ರವರಿ 11. ಈಗ ನಾವು ಬರೆಯುವುದು 1732ರ ಫೆಬ್ರವರಿ 22. ತಿಥಿಯ ಪ್ರಕಾರ ಬರುವ ಜಯಂತಿಗಳಿಗೆ ಈ ಪಟ್ಟಿಯಲ್ಲಿ ಖಾಯಂ ಮನೆ ಇಲ್ಲ, ಅವಕ್ಕೆ ಬೇರೆ ಕಟ್ಟು ಇರಲಿ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ದಿನ, ತಿಂಗಳು, ಇಸವಿಗೆ ಮೂರು ಬೇರೆ ಕಾಲಂ ಹಾಕಿ. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ತಾರೀಖೆಂದೇ ಒಪ್ಪದೆ ಬರೀ ಅಕ್ಷರ ಎಂದುಕೊಳ್ಳುತ್ತದೆ, ವಿಂಗಡಿಸಿದಾಗ ಎಲ್ಲ ಕಲಸುಮೇಲೋಗರ. 1900ರ ಫೆಬ್ರವರಿ 29 ಎಂಬ ಇಲ್ಲದ ದಿನವನ್ನು ಮಾತ್ರ ಸಲೀಸಾಗಿ ನುಂಗುತ್ತದೆ. ಅಮೆರಿಕದ ಮೂಲಗಳಲ್ಲಿ 7/4 ಎಂದರೆ ಜುಲೈ 4. 12ರವರೆಗಿನ ತಾರೀಖುಗಳು ಹೀಗೆ ಸದ್ದಿಲ್ಲದೆ ಅದಲು ಬದಲಾಗುತ್ತವೆ, 13ರ ಮೇಲಿನವು ತಾವಾಗಿಯೇ ಸಿಕ್ಕಿಬೀಳುತ್ತವೆ. ಆದ್ದರಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಕೊನೆಗೆ ತಿಂಗಳು, ದಿನದ ಪ್ರಕಾರ ವಿಂಗಡಿಸಿದಾಗ ಜನವರಿ 1ರ ಕಟ್ಟು ಮಾತ್ರ ವಿಪರೀತ ದಪ್ಪ ಬಂದರೆ ಹಿಗ್ಗಬೇಡಿ. ಇಸವಿ ಮಾತ್ರ ಗೊತ್ತಿದ್ದವರನ್ನೆಲ್ಲ ಕಂಪ್ಯೂಟರ್ ಪಟ್ಟಿಗಳು ಅಲ್ಲಿಗೇ ತಂದು ಸುರಿಯುತ್ತವೆ. ಒಂದೊಂದೇ ಕಾರ್ಡು ಬಿಚ್ಚಿ ಮೂಲ ನೋಡಿ, ದಿನ ಸಿಗದವನ್ನು ತೆಗೆದು ಬೇರೆ ಡಬ್ಬಿಯಲ್ಲಿಡಿ.